ಸರ್ಕಾರದ ಖರೀದಿಗೆ ಒಂದೇ ಪೋರ್ಟಲ್: ಬದಲಾಗಿದ್ದೇನು, ಬಾಕಿ ಉಳಿದಿದ್ದೇನು?

ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಪ್ರಿಂಟರ್ ಕಾಗದದಿಂದ ಹಿಡಿದು ಬಾಡಿಗೆ ವಾಹನ, ಭದ್ರತಾ ಸಿಬ್ಬಂದಿ, ಕ್ಲೌಡ್ ಸೇವೆಯವರೆಗೆ ಇಂದು ಎಲ್ಲದರ ಖರೀದಿ ಒಂದೇ ಆನ್‌ಲೈನ್ ಮಾರುಕಟ್ಟೆಯಲ್ಲಿ ನಡೆಯುತ್ತಿದೆ. ಅದುವೇ ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್, ಚಿಕ್ಕದಾಗಿ ‘ಜೆಮ್’. 2016-17ರಲ್ಲಿ ಇಲ್ಲಿ ನಡೆದ ವಹಿವಾಟು ಕೇವಲ ₹422 ಕೋಟಿ. 2024-25ರಲ್ಲಿ ಅದು ₹5.43 ಲಕ್ಷ ಕೋಟಿ ಮುಟ್ಟಿತು.

ಇದೆಲ್ಲವೂ ಸಾರ್ವಜನಿಕರ ಹಣ. ಹೀಗಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಖರೀದಿ ಒಂದೇ ಕಡೆ ಬಂದಿದ್ದರಿಂದ ಸೋರಿಕೆ ನಿಂತಿದೆಯೇ? ಎಲ್ಲವನ್ನೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಒಪ್ಪಿಸಿದರೆ ಅದಕ್ಕೆ ಕಾವಲು ಯಾರು? ಇಲ್ಲಿದೆ ವಿವರ.

ಮೊದಲು ಹೇಗಿತ್ತು?

ಜೆಮ್ ಬರುವ ಮುನ್ನ ಕೇಂದ್ರ ಸರ್ಕಾರದ ಸಾಮಾನ್ಯ ಬಳಕೆಯ ವಸ್ತುಗಳಿಗೆ ದರ ನಿಗದಿ ಮಾಡುತ್ತಿದ್ದುದು ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ. ಬ್ರಿಟಿಷರ ಕಾಲದಲ್ಲಿ ಬೇರು ಹೊಂದಿದ್ದ ಈ ಸಂಸ್ಥೆ ಕಂಪನಿಗಳ ಜತೆ ‘ದರ ಒಪ್ಪಂದ’ ಮಾಡಿಕೊಳ್ಳುತ್ತಿತ್ತು. ಇಲಾಖೆಗಳು ಅದೇ ದರಕ್ಕೆ ಖರೀದಿಸುತ್ತಿದ್ದವು. ಒಪ್ಪಂದದ ಅವಧಿಯಲ್ಲಿ ಮಾರುಕಟ್ಟೆ ಬೆಲೆ ಇಳಿದರೆ, ಕಚೇರಿಯ ಎದುರಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವಸ್ತುವಿಗೆ ಸರ್ಕಾರ ಹೆಚ್ಚು ಹಣ ತೆರಬೇಕಾದ ಸ್ಥಿತಿ ಬರುತ್ತಿತ್ತು. ಪಟ್ಟಿಗೆ ಸೇರಲು ಸಣ್ಣ ಉದ್ಯಮಿಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು.

2016ರ ಆಗಸ್ಟ್ 9ರಂದು ಜೆಮ್ ಆರಂಭವಾಯಿತು. 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೇ ನಿಯಮವು, ಜೆಮ್‌ನಲ್ಲಿ ಸಿಗುವ ಸರಕು ಮತ್ತು ಸೇವೆಗಳನ್ನು ಕೇಂದ್ರದ ಸಚಿವಾಲಯಗಳು ಅಲ್ಲಿಯೇ ಖರೀದಿಸಬೇಕು ಎಂದಿತು. ಅದೇ ವರ್ಷದ ಅಕ್ಟೋಬರ್ 31ರಂದು ಹಳೆಯ ಮಹಾನಿರ್ದೇಶನಾಲಯದ ಬಾಗಿಲು ಮುಚ್ಚಿತು.

ಖರೀದಿ ಹೇಗೆ ನಡೆಯುತ್ತದೆ?

ಮೊತ್ತಕ್ಕೆ ತಕ್ಕಂತೆ ಮೂರು ಹಂತಗಳಿವೆ. ಸಣ್ಣ ಮೊತ್ತವಾದರೆ ಅಧಿಕಾರಿ ನೇರವಾಗಿ ಖರೀದಿಸಬಹುದು. ಮಧ್ಯಮ ಮೊತ್ತಕ್ಕೆ ಕನಿಷ್ಠ ಮೂರು ಬೇರೆ ಬೇರೆ ತಯಾರಕರ ವಸ್ತುಗಳನ್ನು ಹೋಲಿಸಿ, ಅತಿ ಕಡಿಮೆ ದರದವರಿಂದ ಕೊಳ್ಳಬೇಕು. ಟೆಂಡರ್ ಭಾಷೆಯಲ್ಲಿ ಅವರನ್ನು ‘ಎಲ್‌1’ ಎನ್ನುತ್ತಾರೆ. ಇನ್ನೂ ದೊಡ್ಡ ಮೊತ್ತಕ್ಕೆ ಬಿಡ್ ಅಥವಾ ರಿವರ್ಸ್ ಹರಾಜು ಕಡ್ಡಾಯ. ಸಾಮಾನ್ಯ ಹರಾಜಿನಲ್ಲಿ ಬೆಲೆ ಏರುತ್ತಾ ಹೋದರೆ, ರಿವರ್ಸ್ ಹರಾಜಿನಲ್ಲಿ ಮಾರಾಟಗಾರರು ಒಬ್ಬರಿಗಿಂತ ಒಬ್ಬರು ಬೆಲೆ ಇಳಿಸುತ್ತಾ ಹೋಗುತ್ತಾರೆ. ಈ ಮೊತ್ತದ ಮಿತಿಗಳನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ.

ರಸ್ತೆ, ಸೇತುವೆ, ಕಟ್ಟಡದಂಥ ಕಾಮಗಾರಿಗಳು ಜೆಮ್ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ಇ-ಟೆಂಡರ್ ಪೋರ್ಟಲ್‌ಗಳು ಬೇರೆ ಇವೆ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ರಾಜ್ಯ 2007ರಲ್ಲೇ ತನ್ನದೇ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆ ಆರಂಭಿಸಿತ್ತು.

ದರ ನಿಜಕ್ಕೂ ಕಡಿಮೆಯೇ?

ಪೂರ್ತಿ ಹೌದು ಎನ್ನಲಾಗದು, ಪೂರ್ತಿ ಇಲ್ಲ ಎನ್ನಲೂ ಆಗದು. 2021-22ರ ಆರ್ಥಿಕ ಸಮೀಕ್ಷೆಯು 22 ವಸ್ತುಗಳ ದರವನ್ನು ಬೇರೆ ಆನ್‌ಲೈನ್ ತಾಣಗಳ ಜತೆ ಹೋಲಿಸಿತ್ತು. ಆ ಪೈಕಿ 10 ವಸ್ತುಗಳು ಜೆಮ್‌ನಲ್ಲಿ ಅಗ್ಗವಾಗಿದ್ದವು. ಉಳಿದ 12 ವಸ್ತುಗಳಲ್ಲಿ ಆ ಲಾಭ ಕಾಣಲಿಲ್ಲ. ಅಂದರೆ ಪೋರ್ಟಲ್ ತಾನಾಗಿಯೇ ಬೆಲೆ ಇಳಿಸುವುದಿಲ್ಲ. ಪೈಪೋಟಿ ಇದ್ದ ಕಡೆ ಮಾತ್ರ ಬೆಲೆ ಇಳಿಯುತ್ತದೆ.

ಆದರೂ ಒಂದು ಬದಲಾವಣೆ ದೊಡ್ಡದು. ಯಾವ ಇಲಾಖೆ, ಯಾವ ವಸ್ತುವನ್ನು, ಯಾರಿಂದ, ಎಷ್ಟಕ್ಕೆ ಕೊಂಡಿತು ಎಂಬುದಕ್ಕೆ ಈಗ ಡಿಜಿಟಲ್ ದಾಖಲೆ ಇರುತ್ತದೆ. ಅಲ್ಮೇರಾದಲ್ಲಿ ಕಟ್ಟಿಟ್ಟ ಕಡತದಲ್ಲಿ ಹುಡುಕಲು ತಿಂಗಳು ಹಿಡಿಯುತ್ತಿದ್ದ ಮಾಹಿತಿ ಲೆಕ್ಕಪರಿಶೋಧಕರಿಗೆ ಬೇಗ ಸಿಗುತ್ತದೆ.

ಹಾಗಾದರೆ ತೊಡಕು ಎಲ್ಲಿದೆ?

ಬಿಡ್ ಆನ್‌ಲೈನ್‌ನಲ್ಲಿ ನಡೆಯುತ್ತದೆ ನಿಜ. ಆದರೆ ಬಿಡ್‌ನ ಷರತ್ತು ಬರೆಯುವುದು ಈಗಲೂ ಕಚೇರಿಯ ಟೇಬಲ್ ಮೇಲೆ. ಉದಾಹರಣೆಗೆ, ಕಚೇರಿಯೊಂದಕ್ಕೆ 50 ಪ್ರಿಂಟರ್ ಬೇಕು ಎಂದುಕೊಳ್ಳಿ. ನಿಮಿಷಕ್ಕೆ ಇಷ್ಟು ಪುಟ ಮುದ್ರಿಸಬೇಕು ಎಂದು ಕೇಳುವುದು ನ್ಯಾಯ. ಅದರ ಜತೆಗೆ ತೂಕ ಇಷ್ಟೇ ಇರಬೇಕು, ಎತ್ತರ ಇಷ್ಟೇ ಇರಬೇಕು ಎಂದು ಬರೆದು, ಆ ಅಳತೆ ಒಂದೇ ಕಂಪನಿಯ ಮಾದರಿಗೆ ಹೊಂದುವಂತಿದ್ದರೆ? ಹತ್ತು ಮಂದಿ ಬಿಡ್ ಹಾಕಿದರೂ ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ವಾರ್ಷಿಕ ವಹಿವಾಟು ಅಥವಾ ಅನುಭವ ಕೇಳಿ ಹೊಸಬರನ್ನು ಹೊರಗಿಡುವುದೂ ಇದೇ ಜಾತಿಯ ತಂತ್ರ.

ಇನ್ನೊಂದು ಅಡ್ಡದಾರಿ ಖರೀದಿಯನ್ನು ತುಂಡು ಮಾಡುವುದು. ಬಿಡ್ ಕರೆಯಬೇಕಾದ ಮೊತ್ತವನ್ನು ನಾಲ್ಕೈದು ಸಣ್ಣ ಆರ್ಡರ್‌ಗಳಾಗಿ ಒಡೆದರೆ ನೇರ ಖರೀದಿಗೆ ದಾರಿ ಸಿಗುತ್ತದೆ. ಕಾಮಗಾರಿಗಳಲ್ಲಿ ‘ತುಂಡು ಗುತ್ತಿಗೆ’ ಎಂದು ಕನ್ನಡಿಗರಿಗೆ ಚಿರಪರಿಚಿತವಾದ ರೋಗ ಇದು. ನಿಯಮದಲ್ಲಿ ಇದಕ್ಕೆ ನಿಷೇಧವಿದೆ. ಅದನ್ನು ಕಂಡು ಹಿಡಿಯಲು ಬೇಕಾದ ದಾಖಲೆಯೂ ಪೋರ್ಟಲ್‌ನಲ್ಲೇ ಇದೆ. ನೋಡುವವರು ಬೇಕು, ಅಷ್ಟೆ.

ಮೂರನೆಯದು ಎಲ್‌1 ಪದ್ಧತಿಯೇ ತರುವ ಸಮಸ್ಯೆ. ಕುರ್ಚಿಗೆ ಕಡಿಮೆ ದರ ನೋಡಿದರೆ ಸಾಕು. ಆಸ್ಪತ್ರೆಯ ಸಾಫ್ಟ್‌ವೇರ್‌ಗೆ ಸಾಲದು. ಅಗ್ಗಕ್ಕೆ ಗುತ್ತಿಗೆ ಹಿಡಿದ ಕಂಪನಿ ನಡುವೆ ಕೈ ಎತ್ತಿದರೆ ಉಳಿಸಿದ ಹಣಕ್ಕಿಂತ ನಷ್ಟವೇ ಹೆಚ್ಚು. ಇದನ್ನು ಮನಗಂಡ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಗುಣಮಟ್ಟವೇ ಮುಖ್ಯ ಎಂದು ಘೋಷಿಸಿದ ಕಾಮಗಾರಿ ಮತ್ತು ಸೇವೆಗಳಲ್ಲಿ, ದರವಲ್ಲದ ಅಂಶಗಳಿಗೆ ಶೇ 30ರವರೆಗೆ ಅಂಕ ನೀಡಲು ಇದು ಅವಕಾಶ ಕೊಟ್ಟಿತು.

ಸಣ್ಣ ಉದ್ಯಮಿಗಳಿಗೆ ಏನು ಲಾಭ?

ಪುಣೆಯ ಪ್ರಿಂಟಿಂಗ್ ಪ್ರೆಸ್ ಆಗಲಿ, ಹೈದರಾಬಾದಿನ ಪೀಠೋಪಕರಣ ಘಟಕವಾಗಲಿ, ದಿಲ್ಲಿಯ ಇಲಾಖೆಗೆ ಮಾರಲು ಈಗ ದಿಲ್ಲಿಗೆ ಹೋಗಬೇಕಿಲ್ಲ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ ಶೇ 4, ಮಹಿಳೆಯರ ಉದ್ಯಮಗಳಿಗೆ ಶೇ 3 ಮೀಸಲು. ಸಣ್ಣ ಉದ್ಯಮದ ದರ ಎಲ್‌1ಗಿಂತ ಶೇ 15ರೊಳಗೆ ಹೆಚ್ಚಿದ್ದರೆ, ಎಲ್‌1 ದರಕ್ಕೆ ಇಳಿದು ಆರ್ಡರ್‌ನಲ್ಲಿ ಪಾಲು ಪಡೆಯುವ ಅವಕಾಶವೂ ಇದೆ. ಇದು ತಯಾರಕರು ಮತ್ತು ಸೇವೆ ನೀಡುವವರಿಗೆ ಮಾತ್ರ. ಕೊಂಡು ಮಾರುವ ವರ್ತಕರಿಗಿಲ್ಲ.

2024ರ ಆಗಸ್ಟ್‌ನಲ್ಲಿ ಜೆಮ್ ಶುಲ್ಕವೂ ಇಳಿಯಿತು. ₹10 ಲಕ್ಷದವರೆಗಿನ ಆರ್ಡರ್‌ಗೆ ವಹಿವಾಟು ಶುಲ್ಕವಿಲ್ಲ. ಅದರಿಂದ ₹10 ಕೋಟಿವರೆಗೆ ಶೇ 0.30, ಅದಕ್ಕೂ ಮೇಲಿದ್ದರೆ ₹3 ಲಕ್ಷ ಎಂದು ನಿಗದಿಯಾಯಿತು.

ಆದರೆ ಆರ್ಡರ್ ಸಿಗುವುದು ಬೇರೆ, ಹಣ ಕೈಸೇರುವುದು ಬೇರೆ. ಜೆಮ್ ನಿಯಮದಂತೆ ಸರಕು ಸ್ವೀಕರಿಸಿದ ಪ್ರಮಾಣಪತ್ರ ನೀಡಿದ 10 ದಿನದೊಳಗೆ ಪಾವತಿಯಾಗಬೇಕು. 2006ರ ಎಂಎಸ್‌ಎಂಇ ಕಾಯ್ದೆಯಂತೆ 45 ದಿನ ಮೀರುವಂತಿಲ್ಲ. ಪ್ರಮಾಣಪತ್ರ ಕೊಡುವುದನ್ನೇ ತಡ ಮಾಡಿದರೆ ಪಾವತಿಯೂ ತಡವಾಗುತ್ತದೆ. ಸಾಲ ಮಾಡಿ ಸರಕು ಕಳುಹಿಸಿದವರಿಗೆ ಪ್ರತಿ ವಾರದ ಬಡ್ಡಿಯೂ ಹೊರೆಯೇ.

ಎಲ್ಲವೂ ಒಂದೇ ಕಡೆ ಇದ್ದರೆ ಅಪಾಯವಿಲ್ಲವೇ?

ಇದೆ. ಕರ್ನಾಟಕಕ್ಕೆ ಇದರ ಅನುಭವವಾಗಿದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ, ಗುತ್ತಿಗೆದಾರರು ಇಟ್ಟಿದ್ದ ಇಎಂಡಿ ಠೇವಣಿಯಲ್ಲಿ ಸುಮಾರು ₹11.5 ಕೋಟಿಯನ್ನು ಬೇರೆ ಖಾತೆಗಳಿಗೆ ಸಾಗಿಸಲಾಯಿತು. ಪ್ರಕರಣದ ತನಿಖೆ ಸಿಐಡಿಗೆ ಹೋಯಿತು.

ಖರೀದಿಯಂತೆಯೇ ಸರ್ಕಾರದ ಐಟಿ ಸೇವೆಗಳೂ ಕೇಂದ್ರೀಕೃತವಾಗುತ್ತಾ ಬಂದಿವೆ. 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾಹಿತಿ ಕೇಂದ್ರ ಇಲಾಖೆಗಳ ಜಾಲತಾಣ, ಇಮೇಲ್, ಡೇಟಾ ಸೆಂಟರ್‌ಗಳನ್ನು ನಡೆಸುತ್ತದೆ. 2014ರಲ್ಲಿ ‘ಮೇಘರಾಜ್’ ಹೆಸರಿನ ಸರ್ಕಾರಿ ಕ್ಲೌಡ್ ಬಂತು. ಪ್ರತಿ ಇಲಾಖೆ ತನ್ನದೇ ಸರ್ವರ್ ಕೊಂಡು, ತನ್ನದೇ ಸಿಬ್ಬಂದಿ ಇಡುವ ದುಂದುವೆಚ್ಚ ತಪ್ಪಿಸುವುದು ಇದರ ಉದ್ದೇಶ.

ಸೇವೆ ನಿಂತರೆ ಏನಾಗುತ್ತದೆ ಎಂಬುದನ್ನು 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ತೋರಿಸಿತು. ಸೈಬರ್ ದಾಳಿಗೆ ಐದು ಸರ್ವರ್‌ಗಳು ತುತ್ತಾಗಿ, ನೋಂದಣಿಯಿಂದ ಲ್ಯಾಬ್ ವರದಿಯವರೆಗೆ ಸುಮಾರು ಎರಡು ವಾರ ಪೆನ್ನು-ಕಾಗದದಲ್ಲೇ ಕೆಲಸ ನಡೆಯಿತು. ನೆಟ್‌ವರ್ಕ್ ಅನ್ನು ಸರಿಯಾಗಿ ವಿಭಾಗಿಸದೇ ಇದ್ದುದು ಕಾರಣ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು.

ಕೇಂದ್ರೀಕೃತ ಡಿಜಿಟಲ್ ಆಡಳಿತಕ್ಕೆ ಮಾದರಿ ಎನಿಸಿಕೊಂಡ ದಕ್ಷಿಣ ಕೊರಿಯಾಕ್ಕೂ ಪೆಟ್ಟು ತಪ್ಪಲಿಲ್ಲ. 2025ರ ಸೆಪ್ಟೆಂಬರ್ 26ರಂದು ಡೇಜಿಯಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಸೇವೆಗಳು ಸ್ಥಗಿತಗೊಂಡವು. ಸರ್ಕಾರಿ ನೌಕರರ ಕಡತಗಳಿದ್ದ ಕ್ಲೌಡ್ ಡ್ರೈವ್‌ಗೆ ಬೇರೆ ಕಡೆ ಬ್ಯಾಕಪ್ ಇರಲಿಲ್ಲ. 858 ಟೆರಾಬೈಟ್ ದತ್ತಾಂಶ ಸುಟ್ಟು ಹೋಯಿತು.

ಮುಂದೇನು?

ಈ ಘಟನೆಗಳಿಂದ ಹಳೆಯ ಕಾಗದದ ಪದ್ಧತಿಯೇ ವಾಸಿ ಎನ್ನಲಾಗದು. ಕಾಗದದ ಕಾಲದಲ್ಲಿ ಕಳ್ಳತನ ನಡೆದರೂ ಗೊತ್ತಾಗುತ್ತಿರಲಿಲ್ಲ. ಒಂದೇ ಪೋರ್ಟಲ್ ಖರೀದಿಯನ್ನು ಕಣ್ಣಿಗೆ ಕಾಣುವಂತೆ ಮಾಡಿದೆ. ಆದರೆ ಮೂರು ಸಂಗತಿಗಳು ಪೋರ್ಟಲ್‌ನ ಹೊರಗೆ ಉಳಿದಿವೆ: ಷರತ್ತು ಬರೆಯುವವರು ಯಾರು, ಹಣ ಸಮಯಕ್ಕೆ ಕೊಡುವವರು ಯಾರು, ಬ್ಯಾಕಪ್ ಇದೆಯೇ ಎಂದು ಪರೀಕ್ಷಿಸುವವರು ಯಾರು?

ಮಾರಾಟಗಾರರ ಕೈಯಲ್ಲೂ ಕೆಲವು ಉಪಾಯಗಳಿವೆ. ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಸಣ್ಣ ಉದ್ಯಮದ ರಿಯಾಯಿತಿ ಸಿಗುತ್ತದೆ. ಷರತ್ತು ಒಂದೇ ಕಂಪನಿಗೆ ಹೊಂದುವಂತಿದ್ದರೆ ಬಿಡ್ ಮುಗಿಯುವ ಮುನ್ನವೇ ಲಿಖಿತ ಆಕ್ಷೇಪ ಸಲ್ಲಿಸಬೇಕು. 45 ದಿನ ಮೀರಿದ ಬಾಕಿಗೆ ಆನ್‌ಲೈನ್‌ನಲ್ಲಿ ದೂರು ದಾಖಲಿಸಬಹುದು. ಸಾಮಾನ್ಯ ನಾಗರಿಕರು ತಮ್ಮೂರಿನ ಕಚೇರಿಯ ಖರೀದಿ ವಿವರವನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ದಾಖಲೆ ಡಿಜಿಟಲ್ ಆಗಿರುವುದರಿಂದ ‘ಕಡತ ಸಿಗುತ್ತಿಲ್ಲ’ ಎಂಬ ಹಳೆಯ ಉತ್ತರ ಕೊಡುವುದು ಈಗ ಅಷ್ಟು ಸುಲಭವಲ್ಲ.