ಪ್ಯಾಂಟನ್ನು ಕುತ್ತಿಗೆಗೆ ಸುತ್ತಿದರೆ ಸೈಜ್ ಗೊತ್ತಾಗುತ್ತದೆಯೇ? ಆನ್‌ಲೈನ್‌ನಲ್ಲಿ ಬಟ್ಟೆ ಕೊಳ್ಳುವ ಮುನ್ನ ಇದನ್ನು ಓದಿ

ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಈ ವಿಡಿಯೊ ಬಂದಿರಬಹುದು. ಒಬ್ಬರು ಪ್ಯಾಂಟಿನ ಗುಂಡಿ ಹಾಕಿ, ಅದರ ಸೊಂಟಪಟ್ಟಿಯನ್ನು ಕುತ್ತಿಗೆಗೆ ಸುತ್ತುತ್ತಾರೆ. ಎರಡು ತುದಿಗಳು ಹಿಂದೆ ಸರಿಯಾಗಿ ಸೇರಿದರೆ ಅದೇ ನಿಮ್ಮ ಸೈಜ್, ಟ್ರಯಲ್ ರೂಮಿಗೆ ಹೋಗುವುದೇ ಬೇಡ ಅನ್ನುತ್ತಾರೆ. ಇದರ ಜೊತೆಗೆ ಇನ್ನೆರಡು ಫಾರ್ವರ್ಡ್‌ಗಳೂ ಓಡಾಡುತ್ತಿವೆ. ಒಂದು, "ಎಂ ಅಂದರೆ 38, ಎಲ್ ಅಂದರೆ 40, ಸೇವ್ ಮಾಡಿಟ್ಟುಕೊಳ್ಳಿ" ಎನ್ನುವ ಪಟ್ಟಿ. ಇನ್ನೊಂದು, "ಆನ್‌ಲೈನ್‌ನಲ್ಲಿ ಯಾವಾಗಲೂ ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ" ಎನ್ನುವ ಸಲಹೆ.

ಇನ್ನೂರು ರೂಪಾಯಿಯ ಟೀ ಶರ್ಟ್ ಆದರೆ ಪರವಾಗಿಲ್ಲ, ತಮ್ಮನಿಗೋ ತಂಗಿಗೋ ಕೊಟ್ಟುಬಿಡಬಹುದು. ಆದರೆ ಈಗ ಮಿನಿಮಲಿಸ್ಟ್ ಫ್ಯಾಷನ್ ಹೆಸರಿನಲ್ಲಿ ಒಂದೇ ಬಣ್ಣದ ಲಿನನ್ ಅಂಗಿ, ಸಾದಾ ಪ್ಯಾಂಟು, ಉದ್ದನೆಯ ಕೋಟುಗಳಿಗೆ ಐದಾರು ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೊಡುತ್ತಿದ್ದೇವೆ. ಹಾಗಾಗಿ ಈ ಮೂರೂ ಮಾತುಗಳನ್ನು ಒಂದೊಂದಾಗಿ ನೋಡೋಣ.

ಹೇಳಿಕೆ 1: ಕುತ್ತಿಗೆಯ ಎರಡರಷ್ಟು ಸೊಂಟ

ಗುಂಡಿ ಹಾಕಿದ ಪ್ಯಾಂಟನ್ನು ಚಪ್ಪಟೆಯಾಗಿ ಹಿಡಿದರೆ ಕಾಣುವುದು ಸೊಂಟಪಟ್ಟಿಯ ಅರ್ಧ ಅಳತೆ. ಅದು ಕುತ್ತಿಗೆಗೆ ಸರಿಹೋಗಬೇಕಾದರೆ ನಿಮ್ಮ ಸೊಂಟ ಕುತ್ತಿಗೆಯ ಸರಿಯಾಗಿ ಎರಡರಷ್ಟಿರಬೇಕು. 28 ಇಂಚು ಸೊಂಟ, 14 ಇಂಚು ಕುತ್ತಿಗೆ ಇರುವವರಿಗೆ ಉಪಾಯ ಫಲಿಸುತ್ತದೆ. ಅಂಥವರು "ನನಗೆ ಸರಿಯಾಯಿತು" ಎಂದು ಮುಂದಕ್ಕೆ ಕಳಿಸುವುದರಿಂದಲೇ ವಿಡಿಯೊ ಇನ್ನೂ ಓಡುತ್ತಿದೆ.

ಈಗ 34 ಇಂಚು ಸೊಂಟ, 15 ಇಂಚು ಕುತ್ತಿಗೆ ಇರುವವರನ್ನು ತೆಗೆದುಕೊಳ್ಳಿ. ಅವರಿಗೆ ಸರಿಹೊಂದುವ ಪ್ಯಾಂಟಿನ ಅರ್ಧ ಅಳತೆ 17 ಇಂಚು. ಕುತ್ತಿಗೆಗೆ ಸುತ್ತಿದರೆ ಎರಡು ಇಂಚು ಹೆಚ್ಚಾಗಿ ಉಳಿಯುತ್ತದೆ. ವಿಡಿಯೊ ನಂಬಿದರೆ ಅವರು 30 ಇಂಚಿನ ಪ್ಯಾಂಟು ಕೊಳ್ಳಬೇಕು! ವಯಸ್ಸಾದಂತೆ, ಬಾಣಂತನದ ನಂತರ ಹೊಟ್ಟೆಯ ಸುತ್ತಳತೆ ಬದಲಾಗುತ್ತದೆ, ಕುತ್ತಿಗೆ ಅದೇ ಲೆಕ್ಕದಲ್ಲಿ ಬದಲಾಗುವುದಿಲ್ಲ. ಅದೂ ಅಲ್ಲದೆ ಎಲ್ಲ ಪ್ಯಾಂಟೂ ಸೊಂಟದ ಮೇಲೇ ಕೂರುವುದಿಲ್ಲ, ಕೆಲವು ಅದಕ್ಕಿಂತ ಮೂರ್ನಾಲ್ಕು ಇಂಚು ಕೆಳಗೆ ನಿಲ್ಲುತ್ತವೆ. ಪ್ಯಾಂಟಿನ ತೊಡೆ, ಹಿಪ್ ಬಗ್ಗೆಯಂತೂ ಕುತ್ತಿಗೆ ಏನೂ ಹೇಳಲಾರದು.

ಸತ್ಯಾಂಶ: ಕೆಲವರಿಗೆ ಕಾಕತಾಳೀಯವಾಗಿ ಹೊಂದಬಹುದು, ಅಳತೆಯ ವಿಧಾನ ಅಲ್ಲ.

ಹೇಳಿಕೆ 2: ಎಂ ಅಂದರೆ 38, ಎಲ್ಲ ಕಡೆಯೂ

38 ಎಂಬ ಒಂದೇ ಸಂಖ್ಯೆ ಎಷ್ಟು ವೇಷ ಹಾಕುತ್ತದೆ ನೋಡಿ. ಗಂಡಸರ ಫಾರ್ಮಲ್ ಶರ್ಟಿನ ಮೇಲೆ 38 ಅಂತಿದ್ದರೆ ಸಾಮಾನ್ಯವಾಗಿ ಅದು ಕಾಲರ್‌ನ ಅಳತೆ, ಸೆಂಟಿಮೀಟರ್‌ನಲ್ಲಿ. ಬ್ರಿಟನ್ ಅಥವಾ ಅಮೆರಿಕದ ಲೆಕ್ಕದ ಬ್ಲೇಜರ್‌ನ ಮೇಲೆ 38 ಅಂತಿದ್ದರೆ ಅದು ಎದೆಯ ಸುತ್ತಳತೆ, ಇಂಚಿನಲ್ಲಿ. ಅದೇ ಬ್ಲೇಜರ್ ಯುರೋಪಿನ ಲೆಕ್ಕದಲ್ಲಿ 48 ಆಗುತ್ತದೆ. ಏಕೆಂದರೆ ಅಲ್ಲಿ ಎದೆಯ ಸುತ್ತಳತೆಯ ಅರ್ಧವನ್ನು ಸೆಂಟಿಮೀಟರ್‌ನಲ್ಲಿ ಬರೆಯುತ್ತಾರೆ: 96ರ ಅರ್ಧ 48. ಇನ್ನು ಫ್ರಾನ್ಸಿನ ಹೆಂಗಸರ ಉಡುಪಿನ ಮೇಲಿನ 38 ಯಾವ ಅಳತೆಯೂ ಅಲ್ಲ, ಬರೀ ಕ್ರಮಸಂಖ್ಯೆ. ಹೆಚ್ಚೂಕಡಿಮೆ ಅದೇ ಉಡುಪು ಜರ್ಮನಿಯಲ್ಲಿ 36, ಇಟಲಿಯಲ್ಲಿ 42, ಬ್ರಿಟನ್‌ನಲ್ಲಿ 10, ಅಮೆರಿಕದಲ್ಲಿ 6.

ಈ ಗೊಂದಲಕ್ಕೆ ಇತಿಹಾಸವೂ ಇದೆ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರನ್ನು ಅಳೆಸಿತು. ಒಬ್ಬೊಬ್ಬರದೂ 59 ಅಳತೆ. ಆದರೆ ಅಂತಿಮ ಲೆಕ್ಕಕ್ಕೆ ಬಿಳಿಯ ಮಹಿಳೆಯರನ್ನು ಮಾತ್ರ ತೆಗೆದುಕೊಂಡರು. ಆ ಮಾಹಿತಿಯನ್ನು ಆಧರಿಸಿ 1958ರಲ್ಲಿ ಅಲ್ಲಿನ ಸರ್ಕಾರ ಸೈಜ್‌ಗಳ ಮಾನದಂಡ ಪ್ರಕಟಿಸಿತು. ಅದು ಎಲ್ಲರ ಮೈಗೂ ಹೊಂದಲಿಲ್ಲ, 1983ರಲ್ಲಿ ಹಿಂತೆಗೆದುಕೊಂಡರು. ಅಲ್ಲಿಂದ ಮುಂದೆ ಪ್ರತಿ ಕಂಪನಿಯದೂ ಅದರದೇ ಲೆಕ್ಕ.

ಚಿಕ್ಕ ಸಂಖ್ಯೆ ಕಂಡರೆ ಗಿರಾಕಿಗೆ ಖುಷಿ ಎಂದು ಕಂಪನಿಗಳು ಬಟ್ಟೆಯನ್ನು ದೊಡ್ಡದು ಮಾಡಿ ಲೇಬಲ್ ಮಾತ್ರ ಹಳೆಯದನ್ನೇ ಉಳಿಸಿಕೊಂಡವು. ಇದಕ್ಕೆ ವ್ಯಾನಿಟಿ ಸೈಜಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಇಂದು 8 ಎನ್ನುವ ಉಡುಪು 1958ರ 16ಕ್ಕೆ ಹತ್ತಿರ. 2010ರಲ್ಲಿ ಎಸ್ಕ್ವೈರ್ ಪತ್ರಿಕೆಯ ಬರಹಗಾರರೊಬ್ಬರು ಬೇರೆ ಬೇರೆ ಕಂಪನಿಗಳ 36 ಇಂಚಿನ ಗಂಡಸರ ಪ್ಯಾಂಟುಗಳಿಗೆ ಟೇಪು ಹಿಡಿದರು. ನಿಜವಾದ ಅಳತೆ 37ರಿಂದ 41 ಇಂಚಿನವರೆಗೆ ಬಂತು!

ನಮ್ಮ ದೇಶದ ಮೈಕಟ್ಟಿಗೆ ಹೊಂದುವ ಪಟ್ಟಿ ಇಲ್ಲದೆ ಇಲ್ಲಿನ ಕಂಪನಿಗಳು ಅಮೆರಿಕ, ಬ್ರಿಟನ್ನಿನ ಪಟ್ಟಿಗಳನ್ನೇ ಅಷ್ಟಿಷ್ಟು ಬದಲಿಸಿ ಬಳಸುತ್ತ ಬಂದವು. ಅದಕ್ಕೆಂದೇ ಕೇಂದ್ರ ಜವಳಿ ಸಚಿವಾಲಯ ಮತ್ತು ನಿಫ್ಟ್ ಸೇರಿ ಇಂಡಿಯಾ ಸೈಜ್ ಎಂಬ ಸಮೀಕ್ಷೆ ಕೈಗೆತ್ತಿಕೊಂಡವು. 15ರಿಂದ 65 ವರ್ಷದ 25,000 ಜನರನ್ನು ಥ್ರೀಡಿ ಸ್ಕ್ಯಾನರ್‌ನಿಂದ ಅಳೆಯುವ ಯೋಜನೆ ಅದು. ಆಯ್ದ ಆರು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು.

ಸತ್ಯಾಂಶ: ಎಲ್ಲ ಕಂಪನಿಗಳಿಗೂ ಹೊಂದುವ ಒಂದೇ ಪಟ್ಟಿ ಇಲ್ಲ. ನೀವು ಕೊಳ್ಳುವ ಆ ಬಟ್ಟೆಯ ಪುಟದಲ್ಲಿರುವ ಪಟ್ಟಿಯನ್ನೇ ನೋಡಬೇಕು.

ಹೇಳಿಕೆ 3: ಒಂದು ಸೈಜ್ ದೊಡ್ಡದು ತಗೊಂಡರೆ ಸೇಫ್

ಇದು ಟೈಲರ್ ಹತ್ತಿರ ಬಟ್ಟೆ ಹೊಲಿಸುತ್ತಿದ್ದ ಕಾಲದ ಬುದ್ಧಿ. ಟೈಲರ್ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿರುತ್ತಾರೆ, ಬೇಕಾದಾಗ ಬಿಚ್ಚಿ ಸಡಿಲ ಮಾಡಬಹುದು, ಹಿಡಿಸಬಹುದು. ಕಾರ್ಖಾನೆಯ ಬಟ್ಟೆಯಲ್ಲಿ ಒಳಗೆ ಬಿಟ್ಟಿರುವುದು ತೀರ ಕಡಿಮೆ.

ಮಿನಿಮಲಿಸ್ಟ್ ಬಟ್ಟೆಯ ವಿಷಯದಲ್ಲಿ ಈ ಸಲಹೆ ಇನ್ನೂ ದಾರಿ ತಪ್ಪಿಸುತ್ತದೆ. ಲಂಡನ್‌ನಲ್ಲಿ 2007ರಲ್ಲಿ ಶುರುವಾದ ಕಾಸ್, ಜಪಾನಿನ ಮೂಜಿ, ಯೂನಿಕ್ಲೊ ಜನಪ್ರಿಯ ಮಾಡಿದ ಶೈಲಿ ಇದು. ಪ್ರಿಂಟ್ ಇಲ್ಲ, ಕಸೂತಿ ಇಲ್ಲ, ದೊಡ್ಡ ಲೋಗೊ ಇಲ್ಲ. ಇರುವುದು ಬಟ್ಟೆ ಮತ್ತು ಕಟಿಂಗ್ ಎರಡೇ. ಹಾಗಾಗಿ ಫಿಟ್ಟಿಂಗ್ ಸ್ವಲ್ಪ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಈ ಶೈಲಿಯಲ್ಲಿ ಬಹಳಷ್ಟು ಬಟ್ಟೆಗಳನ್ನು ಬೇಕೆಂದೇ ಸಡಿಲವಾಗಿ, ಭುಜದ ಹೊಲಿಗೆ ತೋಳಿನ ಮೇಲೆ ಜಾರುವಂತೆ ಕತ್ತರಿಸುತ್ತಾರೆ. ಈಗಾಗಲೇ ಸಡಿಲ ಇರುವುದಕ್ಕೆ ನೀವು ಇನ್ನೊಂದು ಸೈಜ್ ಸೇರಿಸಿದರೆ ಅಪ್ಪನ ಅಂಗಿ ಹಾಕಿಕೊಂಡಂತೆ ಕಾಣುತ್ತದೆ. ಹಾಗಂತ ಒಂದು ಸೈಜ್ ಇಳಿದರೂ ಕಷ್ಟ, ಅಗಲದ ಜೊತೆ ಉದ್ದವೂ ಕಡಿಮೆಯಾಗುತ್ತದೆ.

ಈ ಲೇಖನಕ್ಕಾಗಿ ನನ್ನ ಕಪಾಟಿನ ಮೂರು ಎಂ ಸೈಜ್ ಅಂಗಿಗಳನ್ನು ಮಂಚದ ಮೇಲೆ ಹರಡಿ, ಕಂಕುಳಿನಿಂದ ಕಂಕುಳಿಗೆ ಅಳೆದೆ. ಒಂದು 48 ಸೆಂ.ಮೀ., ಇನ್ನೊಂದು 53, ಮತ್ತೊಂದು 60. ಎರಡರಿಂದ ಗುಣಿಸಿದರೆ ಸುತ್ತಳತೆ 96, 106, 120. ನನ್ನ ಎದೆಯ ಸುತ್ತಳತೆ 90. ಮೂರೂ ನನಗೆ ಸರಿಯಾಗಿಯೇ ಇವೆ! ಮೊದಲನೆಯದು ಮೈಗೆ ಹತ್ತಿರ ಇರುವಂತೆ, ಮೂರನೆಯದು ಜೋಲುವಂತೆ ಹೊಲಿದದ್ದು, ಅಷ್ಟೇ.

ಸತ್ಯಾಂಶ: ಮೈಯ ಅಳತೆ ಬೇರೆ, ಬಟ್ಟೆಯ ಅಳತೆ ಬೇರೆ. ಇವೆರಡರ ನಡುವಿನ ಅಂತರವೇ ಫಿಟ್ಟಿಂಗ್.

ಹಾಗಾದರೆ ಸರಿಯಾದ ಸೈಜ್ ಹುಡುಕುವುದು ಹೇಗೆ?

1. ಮೈಯನ್ನು ಅಳೆಯಿರಿ. ತೆಳು ಬಟ್ಟೆ ಹಾಕಿಕೊಂಡು, ಹೊಟ್ಟೆ ಒಳಗೆ ಎಳೆಯದೆ, ಸಹಜವಾಗಿ ಉಸಿರಾಡುತ್ತ ಅಳೆಯಿರಿ. ಎದೆ ಅತಿ ತುಂಬಿರುವ ಕಡೆ, ಸೊಂಟ ಅತಿ ಸಣ್ಣಗಿರುವ ಕಡೆ, ಹಿಪ್ ಅತಿ ಅಗಲವಿರುವ ಕಡೆ. ಟೇಪು ಇಲ್ಲದಿದ್ದರೆ ದಾರ ಸುತ್ತಿ, ಮಕ್ಕಳ ಸ್ಕೇಲಿನಲ್ಲಿ ಅಳೆದರೂ ಆಯಿತು. ಒಂದು ಇಂಚು 2.54 ಸೆಂ.ಮೀ. ಅನ್ನುವುದು ನೆನಪಿರಲಿ.

2. ನಿಮಗೆ ಚೆನ್ನಾಗಿ ಒಪ್ಪುವ ಬಟ್ಟೆಯನ್ನೂ ಅಳೆಯಿರಿ. ಇವುಗಳಲ್ಲಿ ಇದೇ ಮುಖ್ಯ ಅನ್ನಬಹುದು. ಅಂಗಿಗೆ ಕಂಕುಳಿನ ಅಗಲ, ಭುಜದ ಹೊಲಿಗೆಯಿಂದ ಹೊಲಿಗೆಗೆ, ತೋಳಿನ ಉದ್ದ, ಒಟ್ಟು ಉದ್ದ. ಪ್ಯಾಂಟಿಗೆ ಸೊಂಟಪಟ್ಟಿ, ಹಿಪ್, ತೊಡೆ, ಕಾಲಿನ ಒಳಉದ್ದ. ಈ ಅಳತೆಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಡಿ.

3. ಪಟ್ಟಿ ಯಾವುದರದ್ದು ನೋಡಿ. ಸೈಜ್ ಚಾರ್ಟ್‌ನಲ್ಲಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ? ಮೈಯದಾದರೆ 1ನೇ ಅಳತೆಯ ಜೊತೆ, ಬಟ್ಟೆಯದಾದರೆ 2ನೆಯದರ ಜೊತೆ ಹೋಲಿಸಿ. ಎದೆ 54 ಸೆಂ.ಮೀ. ಎಂದು ಕಂಡು ಗಾಬರಿಯಾಗಬೇಡಿ, ಅದು ಚಪ್ಪಟೆಯಾಗಿಟ್ಟು ಅಳೆದದ್ದು, ಸುತ್ತಳತೆ 108.

4. ಮಾಡೆಲ್‌ನ ಎತ್ತರ ಓದಿ. ಮಾಡೆಲ್ 178 ಸೆಂ.ಮೀ., ನೀವು 157 ಆದರೆ 21 ಸೆಂ.ಮೀ. ವ್ಯತ್ಯಾಸ. ಅವರಿಗೆ ಮೊಣಕಾಲಿಗೆ ಬರುವ ಕೋಟು ನಿಮಗೆ ಮೀನಖಂಡದವರೆಗೂ ಬರಬಹುದು.

5. ಎರಡು ಸೈಜ್‌ಗಳ ನಡುವೆ ಸಿಕ್ಕಿಕೊಂಡರೆ ಸರಿಪಡಿಸಲು ಕಷ್ಟವಾದ ಜಾಗಕ್ಕೆ ಹೊಂದುವುದನ್ನು ಆರಿಸಿ. ಕೋಟಿಗೆ ಭುಜ, ಪ್ಯಾಂಟಿಗೆ ಹಿಪ್. ಸೊಂಟವನ್ನು ಹಿಡಿಸುವುದು, ಕಾಲಿನ ಉದ್ದ ಮಡಚುವುದು ಬೀದಿಯ ಟೈಲರ್‌ಗೆ ಸುಲಭದ ಕೆಲಸ. ಭುಜ ಬಿಚ್ಚಿ ಕೂರಿಸುವುದು ಹಾಗಲ್ಲ.

6. ಬಟ್ಟೆ ಯಾವುದು? ಎಲಾಸ್ಟೇನ್ ಬೆರೆತಿದ್ದರೆ ಅಷ್ಟಿಷ್ಟು ಹಿಗ್ಗುತ್ತದೆ. ಶುದ್ಧ ಲಿನನ್, ಹತ್ತಿಯ ನೇಯ್ದ ಬಟ್ಟೆ ಹಿಗ್ಗುವುದು ಕಡಿಮೆ, ಮೊದಲೇ ನೆನೆಸಿ ಕುಗ್ಗಿಸಿರದಿದ್ದರೆ ಒಗೆದ ಮೇಲೆ ಸ್ವಲ್ಪ ಕುಗ್ಗಲೂಬಹುದು.

ತಪ್ಪು ಸೈಜ್ ಬಂದರೆ ಕಾನೂನು ಏನು ಹೇಳುತ್ತದೆ?

2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ವಾಪಸಾತಿ, ಬದಲಾವಣೆ, ಹಣ ಮರುಪಾವತಿಯ ಷರತ್ತುಗಳನ್ನು ಗ್ರಾಹಕರಿಗೆ ಮೊದಲೇ ತಿಳಿಸಿರಬೇಕು. ದೋಷವಿದ್ದರೆ, ಅಥವಾ ವಸ್ತು ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ. ಆದರೆ ಬಟ್ಟೆ ಪಟ್ಟಿಯಲ್ಲಿದ್ದಂತೆಯೇ ಇದ್ದು ನೀವೇ ತಪ್ಪು ಸೈಜ್ ಆರಿಸಿದ್ದರೆ ಅದು ಆ ಕಂಪನಿಯ ವಾಪಸಾತಿ ಷರತ್ತಿಗೆ ಬಿಟ್ಟದ್ದು. ಆದ್ದರಿಂದ ಹಣ ಕಟ್ಟುವ ಮುನ್ನ ಸೈಜ್ ಚಾರ್ಟ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ಬಂದ ಬಟ್ಟೆ ಅದಕ್ಕೆ ತಾಳೆಯಾಗದಿದ್ದರೆ ಟೇಪು ಹಿಡಿದು ಫೋಟೊ ತೆಗೆದು ಕಳಿಸಿ. ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಕೊನೆಗೊಂದು ಮಾತು

ತರಿಸಿದ ಎಲ್ ಸೈಜ್ ಬಿಗಿಯಾದ ದಿನ ರಾತ್ರಿ ಊಟ ಬಿಟ್ಟವರನ್ನು ನಾನು ನೋಡಿದ್ದೇನೆ. "ಅಯ್ಯೋ, ಎಕ್ಸ್‌ಎಲ್‌ಗೆ ಬಂದುಬಿಟ್ಟೆ" ಎಂದು ಬೇಸರ ಮಾಡಿಕೊಳ್ಳುವವರು ನಮ್ಮ ಮನೆಗಳಲ್ಲೇ ಇದ್ದಾರೆ. ನೆನಪಿಡಿ, ಲೇಬಲ್‌ನ ಅಕ್ಷರ ನಿಮ್ಮ ಆರೋಗ್ಯದ ವರದಿಯಲ್ಲ. ಒಂದು ಕಂಪನಿಯ ಎಲ್ ಇನ್ನೊಂದರ ಎಸ್ ಆಗಿರಬಹುದು. ತೂಕದ ಬಗ್ಗೆ ಚಿಂತೆಯಿದ್ದರೆ ವೈದ್ಯರನ್ನು ಕೇಳಿ, ಅಂಗಿಯ ಕಾಲರ್‌ನ ಚೀಟಿಯನ್ನಲ್ಲ.

ಮುಂದಿನ ಸಲ ಕುತ್ತಿಗೆಗೆ ಪ್ಯಾಂಟು ಸುತ್ತುವ ವಿಡಿಯೊ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಮನೆಯಲ್ಲಿ ಟೇಪು ಇಲ್ವಾ?"