ರಕ್ತ ಹೆಪ್ಪುಗಟ್ಟುವ ದೋಷ: ಮನೆತನದ ವಿಷಯ ಮುಚ್ಚಿಡಬೇಡಿ

ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಜೀವಕ್ಕೇ ಅಪಾಯ. ಗಾಯವೇ ಇಲ್ಲದೆ ರಕ್ತನಾಳದೊಳಗೆ ಹೆಪ್ಪುಗಟ್ಟಿದರೂ ಅಷ್ಟೇ ಅಪಾಯ. ಈ ಕ್ರಿಯೆ ಮಿತಿಮೀರದಂತೆ ತಡೆಯಲು ನಮ್ಮ ರಕ್ತದಲ್ಲಿ ಆ್ಯಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್ ಎಂಬ ಪ್ರೋಟೀನುಗಳಿವೆ. ಇವು ಒಂದು ಬಗೆಯ ಬ್ರೇಕ್ ಇದ್ದಂತೆ. ಕೆಲವು ಮನೆತನಗಳಲ್ಲಿ ಇವುಗಳಲ್ಲೊಂದು ಹುಟ್ಟಿನಿಂದಲೇ ಕಡಿಮೆ. ಆ್ಯಂಟಿಥ್ರಾಂಬಿನ್ ಕೊರತೆಯಿದ್ದ ಕುಟುಂಬವೊಂದನ್ನು ನಾರ್ವೆಯ ವೈದ್ಯ ಓಲಾವ್ ಎಗೆಬರ್ಗ್ 1965ರಲ್ಲಿ ವರದಿ ಮಾಡಿದರು. 1994ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಪತ್ತೆಯಾದ 'ಫ್ಯಾಕ್ಟರ್ ಫೈವ್ ಲೈಡನ್' ದೋಷ ಯುರೋಪಿಯನ್ನರಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ.

ತಂದೆ ಅಥವಾ ತಾಯಿಯಲ್ಲಿ ಇಂಥ ದೋಷವಿದ್ದರೆ ಗಂಡಾಗಲಿ, ಹೆಣ್ಣಾಗಲಿ, ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಬಂದವರೆಲ್ಲ ಕಾಯಿಲೆ ಬೀಳುವುದಿಲ್ಲ. ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ಬಸಿರು, ಬಾಣಂತನ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಇವುಗಳಲ್ಲೊಂದು ಜೊತೆಗೂಡಿದಾಗಲೇ ಸಾಮಾನ್ಯವಾಗಿ ತೊಂದರೆ.

ಬಾಣಂತನದ ಬಗ್ಗೆ ಬಿಡಿಸಿ ಹೇಳಬೇಕು. ಹೆರಿಗೆಯಾದ ಮೇಲೆ ಆರು ವಾರ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಆಗಲೇ ಮಗುವಿಗೆ ಶೀತವಾದೀತೆಂದು ತಾಯಿಗೆ ಕುಡಿಯಲು ನೀರು ಕೊಡದೆ, ಮಂಚದಿಂದ ಇಳಿಯಗೊಡದೆ ಇರುವ ಮನೆಗಳು ಇನ್ನೂ ಇವೆ. ಇದು ತಪ್ಪು. ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದರೆ ವಿಪರೀತ ತಲೆನೋವು, ವಾಂತಿ, ಫಿಟ್ಸ್ ಬರಬಹುದು. ಬಾಣಂತಿ ಸನ್ನಿಯೆಂದು ತಾಯಿತ ಕಟ್ಟಿಸುತ್ತ ಕೂರದೆ ಕೂಡಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಎದೆನೋವು, ಏದುಸಿರು ಬಂದು ಸಾವೂ ಸಂಭವಿಸಬಹುದು.

ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೀಗಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಹಬ್ಬ, ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವ ಮುಂಚೆಯೂ ಕೇಳಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ಈ ವಿಷಯ ಬಚ್ಚಿಡುವವರುಂಟು. ಅವರ ಭಯ ಅರ್ಥವಾಗುತ್ತದೆ. ಆದರೆ ಹೆರಿಗೆ ಮಾಡಿಸುವವರಿಗೇ ತಿಳಿಯದಿದ್ದರೆ ಅಪಾಯ ಆ ಮಗಳಿಗೇ. ತಿಳಿದಿದ್ದರೆ, ಅಗತ್ಯವಿರುವವರಿಗೆ ಹೆಪಾರಿನ್ ಚುಚ್ಚುಮದ್ದು ಕೊಡಬಹುದು. ಅದು ಗರ್ಭದ ಮಗುವನ್ನು ತಲುಪುವುದಿಲ್ಲ.

ರಕ್ತಪರೀಕ್ಷೆಗೂ ಸಮಯ ನೋಡಬೇಕು. ಹೆಪ್ಪುಗಟ್ಟಿದ ಹೊಸದರಲ್ಲಿ ಈ ಪ್ರೋಟೀನುಗಳು ತಾವಾಗಿಯೇ ಇಳಿದಿರಬಹುದು. ಬಸಿರಿನಲ್ಲಿ ಪ್ರೋಟೀನ್ ಎಸ್ ಇಳಿಯುತ್ತದೆ. ವಾರ್ಫರಿನ್ ಮಾತ್ರೆ ಸಿ, ಎಸ್ ಎರಡನ್ನೂ ಇಳಿಸುತ್ತದೆ. ಹಾಗೆಂದು ಪರೀಕ್ಷೆಗಾಗಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.