ಒಂದೇ ಹೆಸರಿನ ಇಬ್ಬರು ಕಾವಲುಗಾರರು

ಆಂಟಿವೈರಸ್ ತಂತ್ರಾಂಶವನ್ನು ನವೀಕರಿಸಿದ ಬಳಿಕ ಕೆಲವರಿಗೆ ಒಂದು ವಿಚಿತ್ರವು ಗೋಚರಿಸುವುದುಂಟು. ಕಂಪ್ಯೂಟರನ್ನು ಚಾಲೂ ಮಾಡಿದೊಡನೆ ತಾವಾಗಿಯೇ ಕಾರ್ಯಾರಂಭ ಮಾಡುವ ತಂತ್ರಾಂಶಗಳ ಪಟ್ಟಿಯಲ್ಲಿ ಅದರ ಹೆಸರು ಎರಡು ಬಾರಿ ಇರುತ್ತದೆ! ಇವರಲ್ಲಿ ನಿಜವಾದ ಕಾವಲುಗಾರ ಯಾರು?

ವಿಂಡೋಸ್ ವ್ಯವಸ್ಥೆಯು ಈ ಪಟ್ಟಿಯನ್ನು ಒಂದೇ ಕಡೆ ಬರೆದಿಡುವುದಿಲ್ಲ. ರಿಜಿಸ್ಟ್ರಿ ಎಂಬ ಅದರ ದಫ್ತರದಲ್ಲಿ ಎಲ್ಲ ಬಳಕೆದಾರರಿಗೂ ಅನ್ವಯಿಸುವ ಪುಟವೊಂದು, ಆಯಾ ಬಳಕೆದಾರರ ಪುಟ ಮತ್ತೊಂದು. ಸ್ಟಾರ್ಟಪ್ ಫೋಲ್ಡರ್ ಬೇರೆ. ಹಳೆಯ ಆವೃತ್ತಿಯ ನಮೂದು ಒಂದೆಡೆ ಅಳಿಯದೆ ಉಳಿದು, ಹೊಸತು ಇನ್ನೊಂದೆಡೆ ಹೆಸರು ಬರೆಸಿಕೊಂಡರೆ ಜೋಡಿ ಹುಟ್ಟುತ್ತದೆ.

ಹಾಗೆಂದು ಆತುರದಿಂದ ಒಂದನ್ನು ಅಳಿಸಲಾಗದು. ಅಸಲು ಕಾವಲುಗಾರನೇ ಹೊರಬಿದ್ದಾನು; ಅವನ ಹೆಸರು ಕದ್ದ ದುಷ್ಟ ತಂತ್ರಾಂಶವೇ ಒಳಗುಳಿದೀತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟಪ್ ವಿಭಾಗದಲ್ಲಿ ಪ್ರತಿಯೊಂದು ನಮೂದಿನ ಮೇಲೂ ಮೌಸಿನ ಬಲಗುಂಡಿಯನ್ನೊತ್ತಿ, ಅದರ ಕಡತವಿರುವ ಸ್ಥಳವನ್ನು ನೋಡಿರಿ. ತಯಾರಕರ ಹೆಸರನ್ನೂ ಡಿಜಿಟಲ್ ಸಹಿಯನ್ನೂ ಪರೀಕ್ಷಿಸಿರಿ. ಕಡತವೇ ಇಲ್ಲದಿದ್ದರೆ ಅದು ಬರಿಯ ನೆರಳು. ಕಡತವಿದ್ದೂ ಸಹಿಯಿಲ್ಲದಿದ್ದರೆ, ಅಪರಿಚಿತ ಸ್ಥಳದಲ್ಲಿದ್ದರೆ, ಸಂಶಯಪಟ್ಟು ಇಡೀ ಯಂತ್ರವನ್ನು ತಪಾಸಣೆಗೊಳಪಡಿಸುವುದು ಕ್ಷೇಮ.

ನೆರಳನ್ನೂ ಮೊದಲು ನಿಷ್ಕ್ರಿಯಗೊಳಿಸಿದರೆ ಸಾಕು. ಯಂತ್ರವನ್ನು ಮತ್ತೆ ಚಾಲೂ ಮಾಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ರಕ್ಷಣೆ ಜಾಗೃತವಾಗಿದೆಯೇ ಎಂದು ನೋಡಿಕೊಳ್ಳಿರಿ. ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ಆಟೋರನ್ಸ್ ಎಂಬ ಸಾಧನವು ಎಲ್ಲ ನಮೂದುಗಳನ್ನೂ ಒಂದೆಡೆ ತೋರಿಸಿ, ಕಡತವಿಲ್ಲದವುಗಳಿಗೆ ಹಳದಿ ಬಣ್ಣ ಬಳಿಯುತ್ತದೆ. ಅಲ್ಲಿಯೂ ಗುರುತನ್ನು ತೆಗೆದರೆ ನಮೂದು ನಿಲ್ಲುತ್ತದೆ, ಅಳಿಯುವುದಿಲ್ಲ. ತಪ್ಪಾದರೆ ಹಿಂದಕ್ಕೆ ತರಬಹುದು.

ಹಳೆಯ ತಂತ್ರಾಂಶದ ಅವಶೇಷಗಳನ್ನು ಗುಡಿಸಲು ಅದರ ತಯಾರಕರೇ ಕೊಡುವ ಸಾಧನವಿದ್ದರೆ ಅದನ್ನೇ ಬಳಸುವುದು ಲೇಸು.